ಮೇಷ್ಟ್ರಿಗೆ ಬೆತ್ತ, ಸರ್ಕಾರಕ್ಕೆ ಬೆಣ್ಣೆ!

ಕಾನೂನು ಒಂದೇ. ಏಟು ಬೀಳುವುದು ಮಾತ್ರ ಒಬ್ಬರ ಬೆನ್ನಿಗೇ!

ಶಿಕ್ಷಣ ಹಕ್ಕು ಕಾಯ್ದೆಯನ್ನು ಪಾರ್ಲಿಮೆಂಟು ಪಾಸು ಮಾಡಿದ್ದು 2009ರಲ್ಲಿ. ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು. ಈ ಕಾಯ್ದೆಯ 23ನೇ ಕಲಂ ಮೇಷ್ಟ್ರ ಕುರಿತದ್ದು. ನಿಗದಿಯಾದ ಅರ್ಹತೆ ಇಲ್ಲದವರು ಮಕ್ಕಳಿಗೆ ಪಾಠ ಹೇಳುವಂತಿಲ್ಲ ಎನ್ನುತ್ತದೆ. ಅದೇ ಕಾಯ್ದೆಯ 26ನೇ ಕಲಂ ಸರ್ಕಾರದ ಕುರಿತದ್ದು. ಯಾವ ಸರ್ಕಾರಿ ಶಾಲೆಯಲ್ಲೂ ಮಂಜೂರಾದ ಹುದ್ದೆಗಳಲ್ಲಿ ಶೇಕಡಾ 10ಕ್ಕಿಂತ ಹೆಚ್ಚು ಖಾಲಿ ಇರಕೂಡದು ಎನ್ನುತ್ತದೆ.

23ನೇ ಕಲಂ ಎದ್ದು ಕೂತಿದೆ. 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಕಾಯ್ದೆ ಬರುವ ಮುಂಚೆಯೇ ಕೆಲಸಕ್ಕೆ ಸೇರಿದ ಮೇಷ್ಟ್ರುಗಳೂ ಶಿಕ್ಷಕರ ಅರ್ಹತಾ ಪರೀಕ್ಷೆ, ಅಂದರೆ ಟಿಇಟಿ, ಪಾಸು ಮಾಡಬೇಕು. ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಉಳಿದವರಿಗೆ ಎರಡು ವರ್ಷದ ಗಡುವು. ಆಗದಿದ್ದರೆ ಮನೆಗೆ. ಐದು ವರ್ಷಕ್ಕಿಂತ ಕಡಿಮೆ ಉಳಿದವರು ಮುಂದುವರಿಯಬಹುದು, ಆದರೆ ಬಡ್ತಿ ಬೇಕೆಂದರೆ ಅವರೂ ಪರೀಕ್ಷೆಗೆ ಕೂರಬೇಕು.

ಇನ್ನು 26ನೇ ಕಲಂ? ಅದು ಹುಟ್ಟಿದ ದಿನದಿಂದ ಗೊರಕೆ ಹೊಡೆಯುತ್ತಿದೆ. ಎಬ್ಬಿಸುವವರು ಯಾರೂ ಇಲ್ಲ. ಇಪ್ಪತ್ತು ವರ್ಷ ಸೀಮೆಸುಣ್ಣದ ಪುಡಿ ಕುಡಿದ ಮೇಷ್ಟ್ರು ಫೇಲಾದರೆ ಕೆಲಸ ಹೋಗುತ್ತದೆ. ಹದಿನೈದು ವರ್ಷದಿಂದ ಕುರ್ಚಿಗಳನ್ನು ಖಾಲಿ ಇಟ್ಟುಕೊಂಡ ಸರ್ಕಾರ ಫೇಲಾದರೆ ಯಾರ ಕೆಲಸ ಹೋಯಿತು? ಒಬ್ಬ ಮಂತ್ರಿಯದು? ಒಬ್ಬ ಕಮಿಷನರದು? ಒಬ್ಬ ಗುಮಾಸ್ತನದಾದರೂ?

ಮೇಷ್ಟ್ರ ಸಂಘಗಳಲ್ಲಿ ಈ ತೀರ್ಪಿನಿಂದ ಗಾಬರಿ ಎದ್ದಿದ್ದು ಸಹಜ. ನಮ್ಮ ಕನ್ನಡದ ಹುಡುಗರು ಮಾತ್ರ, “ಅದು ನೌಕರರ ತಾಪತ್ರಯ, ನಮಗೇನು?” ಎಂದು ಸುಮ್ಮನಿದ್ದಾರೆ. ಗೆಳೆಯರೇ, ಹಾಗೆ ಸುಮ್ಮನಿರುವಂತಿಲ್ಲ. ಕನ್ನಡ ಶಾಲೆ ಸಾಯುವುದು ಮೊದಲು ಇಂಗ್ಲಿಷಿನಿಂದಲ್ಲ, ಖಾಲಿ ಕುರ್ಚಿಯಿಂದ. ಇಂಗ್ಲಿಷ್ ಶಾಲೆಯ ಹಳದಿ ವ್ಯಾನು ಊರಿಗೆ ಬರುವುದು ಆಮೇಲೆ. ಮೇಷ್ಟ್ರಿಲ್ಲದ ಶಾಲೆಗೆ ಯಾವ ತಾಯಿ ಮಗು ಕಳಿಸುತ್ತಾಳೆ?

ಲೆಕ್ಕ ಹಾಕಿ ನೋಡಿ

ನಾನು ಓದಿದ್ದು ಪಿಯುಸಿ. ಆದರೂ ಶೇಕಡಾ ಲೆಕ್ಕ ಬರುತ್ತದೆ. ನೀವೂ ಹಾಕಿ.

ಒಂದು ಶಾಲೆಗೆ ಎರಡು ಹುದ್ದೆ ಮಂಜೂರಾಗಿದ್ದು ಒಂದು ಖಾಲಿ ಇದ್ದರೆ ಶೇಕಡಾ 50 ಖಾಲಿ. ಐದು ಹುದ್ದೆಯಲ್ಲಿ ಒಂದು ಖಾಲಿ ಇದ್ದರೆ ಶೇಕಡಾ 20. ಒಂಬತ್ತರಲ್ಲಿ ಒಂದು ಖಾಲಿ ಇದ್ದರೂ ಶೇಕಡಾ 11 ದಾಟುತ್ತದೆ. ಅಂದರೆ ಒಂಬತ್ತು ಹುದ್ದೆವರೆಗಿನ ಯಾವ ಶಾಲೆಯಲ್ಲೂ ಒಂದೇ ಒಂದು ಕುರ್ಚಿ ಕೂಡ ಖಾಲಿ ಇರುವಂತಿಲ್ಲ. ಒಂದು ಖಾಲಿ ಬಿತ್ತೆಂದರೆ ಕಾನೂನು ಮುರಿದಂತೆ. ನಮ್ಮ ಹಳ್ಳಿಗಳ, ನಗರದ ಕೊಳೆಗೇರಿಗಳ ಕನ್ನಡ ಪ್ರಾಥಮಿಕ ಶಾಲೆಗಳಲ್ಲಿ ಒಂಬತ್ತಕ್ಕಿಂತ ಹೆಚ್ಚು ಹುದ್ದೆ ಇರುವ ಶಾಲೆ ಎಷ್ಟಿದ್ದಾವು?

ಇನ್ನೊಂದು ಲೆಕ್ಕ. ಇದೇ ಕಾಯ್ದೆಯ ಅನುಸೂಚಿ ಪ್ರಕಾರ ಒಂದರಿಂದ ಐದನೇ ತರಗತಿವರೆಗೆ 60 ಮಕ್ಕಳಿರುವ ತನಕ ಇಬ್ಬರು ಮೇಷ್ಟ್ರು ಇರಬೇಕು. ಮಕ್ಕಳು ಹೆಚ್ಚಾದಂತೆ ಮೂರು, ನಾಲ್ಕು, ಐದು. ಹಾಗಾದರೆ ಕರ್ನಾಟಕದಲ್ಲಿ ಸಾವಿರಾರು ಏಕೋಪಾಧ್ಯಾಯ ಶಾಲೆಗಳು ಯಾವ ಕಾನೂನಿನ ಮೇಲೆ ನಡೆಯುತ್ತಿವೆ? ಅಲ್ಲಿನ ಮೇಷ್ಟ್ರೋ ಟೀಚರಮ್ಮನೋ ಮೀಟಿಂಗಿಗೆ ಹೋದ ದಿನ ಶಾಲೆಗೆ ಬೀಗ. ಜ್ವರ ಬಂದ ದಿನ ಬೀಗ. ಬೀಗ ಬಿದ್ದ ದಿನಗಳನ್ನು ಲೆಕ್ಕ ಇಟ್ಟ ತಂದೆ ಮರುವರ್ಷ ಸಾಲ ಮಾಡಿ ಮಗುವನ್ನು ಕಾನ್ವೆಂಟಿಗೆ ಸೇರಿಸುತ್ತಾನೆ. ಆಮೇಲೆ ನಾವು ಸ್ಟೇಜ್ ಹತ್ತಿ ಆ ತಂದೆಗೆ ಕನ್ನಡದ್ರೋಹಿ ಅನ್ನುತ್ತೇವೆ!

ಇಷ್ಟಾದ ಮೇಲೆ ಇಲಾಖೆಯವರು ಹಾಜರಿ ಪುಸ್ತಕ ತೆಗೆದು, ಮಕ್ಕಳಿಲ್ಲ, ಆದ್ದರಿಂದ ಶಾಲೆ ಬೇಡ ಎನ್ನುತ್ತಾರೆ. ಮೇಷ್ಟ್ರನ್ನು ಕೊಡದೆ ಮಕ್ಕಳನ್ನು ಓಡಿಸಿದವರು ಯಾರು? ಓಡಿದ ಮಕ್ಕಳನ್ನು ತೋರಿಸಿ ಶಾಲೆ ಮುಚ್ಚುವವರು ಯಾರು? ಇಬ್ಬರೂ ಒಂದೇ ಕಚೇರಿಯಲ್ಲಿ ಕೂತವರಲ್ಲವೇ? 2025ರಲ್ಲಿ ಕರ್ನಾಟಕ ಪಬ್ಲಿಕ್ ಶಾಲೆ, ಮ್ಯಾಗ್ನೆಟ್ ಶಾಲೆ ಎಂಬ ಹೆಸರಿನಲ್ಲಿ ಸುತ್ತಮುತ್ತಲ ಸಣ್ಣ ಶಾಲೆಗಳನ್ನು ವಿಲೀನ ಮಾಡುವ ಮಾತು ಎದ್ದಾಗ ವಿದ್ಯಾರ್ಥಿಗಳು ಬೀದಿಗಿಳಿದರು. ವಿಲೀನ ಎಂಬ ಸಂಸ್ಕೃತ ಪದಕ್ಕೆ ಊರಿನ ಕನ್ನಡದಲ್ಲಿ ಒಂದೇ ಅರ್ಥ: ಬೀಗ.

ಅತಿಥಿ ದೇವೋ ಭವ!

ಖಾಲಿ ಕುರ್ಚಿಯನ್ನು ಮುಚ್ಚಿಹಾಕಲು ಸರ್ಕಾರ ಕಂಡುಕೊಂಡ ಬಟ್ಟೆಯ ಹೆಸರು ಅತಿಥಿ ಶಿಕ್ಷಕ. 2025-26ನೇ ಸಾಲಿಗೆ ಪ್ರಾಥಮಿಕ ಮತ್ತು ಪ್ರೌಢಶಾಲೆ ಸೇರಿ 51,000 ಅತಿಥಿ ಶಿಕ್ಷಕರಿಗೆ ಮಂಜೂರಾತಿ ಸಿಕ್ಕಿತು. ಸ್ವಲ್ಪ ಯೋಚಿಸಿ. ಮನೆಗೆ ಒಬ್ಬರು ಇಬ್ಬರು ಬಂದರೆ ಅತಿಥಿಗಳು. ಐವತ್ತು ಸಾವಿರ ಜನ ಬಂದರೆ ಅವರು ಅತಿಥಿಗಳೇ? ಮನೆಯನ್ನು ಹೊತ್ತು ನಿಂತ ಕಂಬಗಳು ಅವರು! ಸರ್ಕಾರ ತನ್ನ ಕೈಯಾರೆ ಬರೆದುಕೊಟ್ಟ ತಪ್ಪೊಪ್ಪಿಗೆ ಈ 51,000.

ಗೌರವಧನ ಎಷ್ಟು? 2025ರ ಬಜೆಟ್ಟಿನಲ್ಲಿ ತಿಂಗಳಿಗೆ 2,000 ರೂಪಾಯಿ ಏರಿಸಿದರು. ಏರಿಸಿದ ಮೇಲೆ ಪ್ರಾಥಮಿಕ ಶಾಲೆಯ ಅತಿಥಿಗೆ 12,000 ರೂಪಾಯಿ. ಬೇಸಿಗೆ ರಜೆಯಲ್ಲಿ ಅದೂ ಇಲ್ಲ. ನನ್ನ ಪ್ರೆಸ್ಸಿನಲ್ಲಿ ಕಟಿಂಗ್ ಮೆಷಿನ್ನಿಗೆ ನಿಲ್ಲುವ ಹುಡುಗನಿಗೆ ಇದಕ್ಕಿಂತ ಹೆಚ್ಚು ಕೊಡುತ್ತೇನೆ. ಕೊಡದಿದ್ದರೆ ಅವನು ನಿಲ್ಲುವುದಿಲ್ಲ. ಅವನು ಕಾಗದ ಕತ್ತರಿಸುತ್ತಾನೆ. ಅತಿಥಿ ಟೀಚರಮ್ಮ ಡಿಗ್ರಿ, ಬಿ.ಇಡಿ. ಮಾಡಿಕೊಂಡು ಮಗುವಿಗೆ ಅ ಆ ಇ ಈ ತಿದ್ದಿಸುತ್ತಾಳೆ. ಕನ್ನಡನಾಡಿನಲ್ಲಿ ಕನ್ನಡದ ಅಕ್ಷರಕ್ಕೆ ಕಟ್ಟಿದ ಬೆಲೆ ಇದು!

ಖಾಯಂ ನೇಮಕಾತಿ ಆಗಲೇ ಇಲ್ಲವೇ? 2022ರಲ್ಲಿ ಆರರಿಂದ ಎಂಟನೇ ತರಗತಿಗೆ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ಹುದ್ದೆಗೆ ಅರ್ಜಿ ಕರೆದರು. ಪರೀಕ್ಷೆ ಆಯಿತು, ಪಟ್ಟಿ ಬಂತು. ಮದುವೆಯಾದ ಹೆಣ್ಣುಮಕ್ಕಳ ಜಾತಿ, ಆದಾಯ ಪ್ರಮಾಣಪತ್ರ ಅಪ್ಪನ ಹೆಸರಿನದೋ ಗಂಡನ ಹೆಸರಿನದೋ ಎಂಬ ತಕರಾರು ಕೋರ್ಟಿಗೆ ಹೋಯಿತು. ಅರ್ಜಿ ಕರೆಯುವ ಮುಂಚೆ ಈ ಒಂದು ಸಾಲನ್ನು ಸ್ಪಷ್ಟವಾಗಿ ಬರೆಯಲು ಬಾರದ ಇಲಾಖೆ ಮೇಷ್ಟ್ರಿಗೆ ಅರ್ಹತಾ ಪರೀಕ್ಷೆ ಇಡುತ್ತದಂತೆ! ಕೋರ್ಟಿನ ಮೆಟ್ಟಿಲು ಸವೆಯುವಷ್ಟು ದಿನವೂ ಆ ತರಗತಿಗಳಲ್ಲಿ ಮಕ್ಕಳಿದ್ದರು, ಮೇಷ್ಟ್ರಿರಲಿಲ್ಲ.

ಇದ್ದ ಮೇಷ್ಟ್ರ ಗತಿ

ಇರುವ ಮೇಷ್ಟ್ರಾದರೂ ಪಾಠ ಮಾಡುತ್ತಾರೆಯೇ? ಬಿಟ್ಟರೆ ತಾನೇ!

ಕಾಯ್ದೆಯ 27ನೇ ಕಲಂ ಓದಿ. ಹತ್ತು ವರ್ಷಕ್ಕೊಮ್ಮೆ ನಡೆಯುವ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ, ಈ ಮೂರನ್ನು ಬಿಟ್ಟು ಮೇಷ್ಟ್ರನ್ನು ಬೇರೆ ಕೆಲಸಕ್ಕೆ ಹಚ್ಚಕೂಡದು ಎಂದು ಅದರಲ್ಲಿದೆ. 2025ರ ಸೆಪ್ಟೆಂಬರ್ 22ರಿಂದ ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆ ಮನೆಮನೆ ಅಲೆದವರು ಯಾರು? ಮೇಷ್ಟ್ರು, ಟೀಚರಮ್ಮಂದಿರು. ದಸರಾ ರಜೆಯಲ್ಲಿ ಮುಗಿಯಲಿಲ್ಲ. ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಅಕ್ಟೋಬರ್ 18ರವರೆಗೆ ರಜೆ ಎಳೆದರು. ಖಾಸಗಿ ಶಾಲೆಗಳ ಗಂಟೆ ಹೊಡೆಯುತ್ತಿತ್ತು, ಕನ್ನಡ ಶಾಲೆಯ ಗಂಟೆ ಗೋಡೆಗೆ ನೇತಾಡುತ್ತಿತ್ತು.

ಸಮೀಕ್ಷೆ ಬೇಡ ಎನ್ನುವ ಮಾತಲ್ಲ ಇದು. ಹಿಂದುಳಿದವರ ಲೆಕ್ಕ ಸಿಗಲೇಬೇಕು. ಆದರೆ ಹಿಂದುಳಿದವರ ಲೆಕ್ಕ ಬರೆಯಲು ಹಿಂದುಳಿದವರ ಮಕ್ಕಳ ಶಾಲೆಯನ್ನೇ ಮುಚ್ಚುವುದು ಯಾವ ಸಾಮಾಜಿಕ ನ್ಯಾಯ? ಸರ್ಕಾರಿ ಶಾಲೆಯಲ್ಲಿ ಕೂತಿರುವ ಮಗು ಯಾರದೆಂದು ಆ ಸಮೀಕ್ಷೆಯ ಫಾರಮ್ಮೇ ಹೇಳುತ್ತಿತ್ತಲ್ಲ!

ಇದು ವರ್ಷಕ್ಕೊಮ್ಮೆ ಬರುವ ತಾಪತ್ರಯ. ದಿನನಿತ್ಯದ್ದು ಬೇರೆ ಇದೆ. ಮತದಾರರ ಪಟ್ಟಿ, ಹಾಲಿನ ಪುಡಿಯ ಲೆಕ್ಕ, ಬಿಸಿಯೂಟದ ಲೆಕ್ಕ. ಒಂದು ಮೊಟ್ಟೆಗೆ ಸರ್ಕಾರ ಕೊಡುತ್ತಿದ್ದದ್ದು 6 ರೂಪಾಯಿ. ಅಂಗಡಿಯಲ್ಲಿ ದರ ಏರಿದಾಗ ಮೇಲಿನ ಕಾಸು ಹೆಡ್‌ಮೇಷ್ಟ್ರ ಜೇಬಿನಿಂದ. ಮೊಟ್ಟೆ ಒಡೆದರೆ ನೋಟೀಸು, ಪಾಠ ಆಗದಿದ್ದರೆ ಕೇಳುವವರಿಲ್ಲ.

ಇದಕ್ಕೆ ಕಿರೀಟ ಇಟ್ಟಂತೆ 2017ರ ವೃಂದ ಮತ್ತು ನೇಮಕಾತಿ ನಿಯಮ. ಒಂದರಿಂದ ಏಳನೇ ತರಗತಿಗೆ ಎಂದು ನೇಮಕವಾದವರನ್ನು ಒಂದರಿಂದ ಐದಕ್ಕೆ ಇಳಿಸಿ ಕೂರಿಸಿದರು. ಪದವಿ ಇದೆ, ವರ್ಷಗಟ್ಟಲೆ ಏಳನೇ ತರಗತಿಗೆ ಪಾಠ ಮಾಡಿದ ಅನುಭವ ಇದೆ. ಆದರೂ ಕಾಗದದಲ್ಲಿ ಐದರ ಮೇಷ್ಟ್ರು. ಮೇಷ್ಟ್ರುಗಳು ಇದಕ್ಕೆ ಇಟ್ಟ ಹೆಸರು ಹಿಂಬಡ್ತಿ. ಇದರ ವಿರುದ್ಧ 2024ರ ಆಗಸ್ಟ್ 12ರಂದು ರಾಜ್ಯದ ಮೂಲೆಮೂಲೆಯಿಂದ ಪ್ರಾಥಮಿಕ ಶಾಲಾ ಶಿಕ್ಷಕರು ಬೆಂಗಳೂರಿನ ಫ್ರೀಡಂ ಪಾರ್ಕಿಗೆ ಬಂದು ಕೂತರು. ಒಂದು ಕಡೆ ಆರರಿಂದ ಎಂಟಕ್ಕೆ ಪದವೀಧರ ಮೇಷ್ಟ್ರಿಲ್ಲ ಎಂಬ ಗೋಳು, ಇನ್ನೊಂದು ಕಡೆ ಇರುವ ಪದವೀಧರರನ್ನು ಕೆಳಗಿಳಿಸಿದ ಬುದ್ಧಿವಂತಿಕೆ. ಬಾವಿ ಪಕ್ಕದಲ್ಲೇ ಬಾಯಾರಿ ಸಾಯುವುದು ಅಂದರೆ ಇದೇ.

ಆ ದಿನ ಫ್ರೀಡಂ ಪಾರ್ಕಿನಲ್ಲಿ ಕೆಂಪು ಹಳದಿ ಶಾಲು ಎಷ್ಟಿದ್ದವು? ನೀವೇ ನೆನಪು ಮಾಡಿಕೊಳ್ಳಿ.

ಸಂಘದವರಿಗೆ ಎರಡು ಮಾತು

ಸಂಘಗಳ ಕರಪತ್ರ, ಸುದ್ದಿಪತ್ರ, ಡೈರಿ, ಕ್ಯಾಲೆಂಡರು ಅಚ್ಚು ಹಾಕಿ ಹೊಟ್ಟೆ ಹೊರೆಯುವವನು ನಾನು. ಪ್ರೂಫು ನೋಡುವವನಿಗೆ ಒಂದು ಅನುಕೂಲ ಇದೆ. ಓದಲು ಇಷ್ಟ ಇರಲಿ, ಇಲ್ಲದಿರಲಿ, ಪ್ರತಿ ಸಾಲು ಓದಲೇಬೇಕು. ಮೇಷ್ಟ್ರ ಸಂಘಗಳ ಕಾಗದದಲ್ಲಿ ಬೇಡಿಕೆಗಳು ಹೆಚ್ಚುಕಡಿಮೆ ಒಂದೇ ಸಾಲಿನಲ್ಲಿ ಬರುತ್ತವೆ. ಮೊದಲು ಹಳೇ ಪಿಂಚಣಿ, ಆಮೇಲೆ ವೇತನ ಆಯೋಗ, ತುಟ್ಟಿಭತ್ಯೆ, ವರ್ಗಾವಣೆ, ಬಡ್ತಿ. ಶಾಲೆ ಉಳಿಸಿ ಎಂಬುದು ಇದ್ದರೆ ಕೊನೆಯಲ್ಲಿ, ಜಾಗ ಉಳಿದರೆ. ಪದಾಧಿಕಾರಿಗಳ ಫೋಟೋ ದೊಡ್ಡದು ಮಾಡಬೇಕಾಗಿ ಬಂದರೆ ಮೊದಲು ಹಾರುವುದು ಆ ಸಾಲು.

ಸ್ವಾಮಿ, ಪಿಂಚಣಿ ಕೇಳುವುದು ತಪ್ಪಲ್ಲ. 2006ರ ಏಪ್ರಿಲ್ 1ರ ನಂತರ ಸೇರಿದವರಿಗೆ ಹಳೇ ಪಿಂಚಣಿ ಕಿತ್ತುಕೊಂಡದ್ದು ಅನ್ಯಾಯ. ಮೂವತ್ತು ವರ್ಷ ದುಡಿದ ಮುದುಕ ಮೇಷ್ಟ್ರನ್ನು ಶೇರು ಪೇಟೆಯ ದಯೆಗೆ ಬಿಡುವುದು ನಾಚಿಕೆಗೇಡು. ಆದರೆ ಒಂದು ಮಾತು ಯೋಚಿಸಿ. ಶಾಲೆಯೇ ಮುಚ್ಚಿದ ಮೇಲೆ ಯಾವ ಬಡ್ತಿ? ಯಾವ ಊರಿಗೆ ವರ್ಗಾವಣೆ? ನಿಮ್ಮ ಪಕ್ಕದ ಕುರ್ಚಿ ಖಾಲಿ ಬಿದ್ದಾಗ ಸುಮ್ಮನಿದ್ದರೆ ನಾಳೆ ಖಾಲಿಯಾಗುವುದು ನಿಮ್ಮದೇ. ಖಾಲಿ ಹುದ್ದೆ ತುಂಬಿಸಿ ಎಂಬ ಬೇಡಿಕೆಯನ್ನು ಒಂದನೇ ನಂಬರಿಗೆ ತನ್ನಿ. ಅತಿಥಿ ಶಿಕ್ಷಕರನ್ನು ಹೊರಗಿನವರಂತೆ ನೋಡುವುದನ್ನು ಬಿಡಿ. ಅವರು ನಿಮ್ಮ ಹೊಟ್ಟೆ ಮೇಲೆ ಹೊಡೆಯಲು ಬಂದವರಲ್ಲ, ನಿಮ್ಮ ಅರ್ಧ ಭಾರ ಹೊತ್ತವರು.

ಜನ ನಿಮ್ಮ ಜೊತೆ ಯಾಕೆ ಬೀದಿಗಿಳಿಯುವುದಿಲ್ಲ ಗೊತ್ತೇ? “ಮೇಷ್ಟ್ರ ಮಕ್ಕಳೇ ಕಾನ್ವೆಂಟಿಗೆ ಹೋಗ್ತವೆ” ಎಂಬ ಒಂದು ಮಾತಿನಿಂದ. ಮಂತ್ರಿಗಳ ಮಕ್ಕಳೂ ಹೋಗುತ್ತವೆ, ಕನ್ನಡ ಹೋರಾಟಗಾರರ ಮಕ್ಕಳೂ ಹೋಗುತ್ತವೆ, ನಿಜ. ಆದರೆ ಅಡಿಗೆಯವನೇ ತನ್ನ ಅಡಿಗೆ ಉಣ್ಣದಿದ್ದರೆ ಪಂಕ್ತಿಯಲ್ಲಿ ಕೂತವರಿಗೆ ಅನುಮಾನ ಬಾರದೇ? ಈ ಮಾತಿಗೆ ಸಂಘಗಳೇ ಉತ್ತರ ಹುಡುಕಬೇಕು.

ಇನ್ನೊಂದು ಗುಟ್ಟು ನಗರದ ಹುಡುಗರಿಗೆ ಗೊತ್ತಿರಲಿಕ್ಕಿಲ್ಲ. ನಮ್ಮ ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ 7 ಶಿಕ್ಷಕರ ಕ್ಷೇತ್ರಗಳು. ಸಂವಿಧಾನದ 171ನೇ ವಿಧಿ ಪ್ರಕಾರ ಅಲ್ಲಿ ಓಟು ಹಾಕುವವರು ಪ್ರೌಢಶಾಲೆ ಮತ್ತು ಅದಕ್ಕೂ ಮೇಲಿನ ತರಗತಿಗಳ ಶಿಕ್ಷಕರು ಮಾತ್ರ. ಒಂದನೇ ತರಗತಿಯಲ್ಲಿ ಕೈ ಹಿಡಿದು ಕನ್ನಡ ತಿದ್ದಿಸುವ ಪ್ರಾಥಮಿಕ ಮೇಷ್ಟ್ರಿಗೆ ಶಿಕ್ಷಕರ ಕ್ಷೇತ್ರದಲ್ಲಿ ಓಟಿಲ್ಲ! ಓಟಿಲ್ಲದವನ ಕೂಗು ಪರಿಷತ್ತಿಗೆ ಹೇಗೆ ಕೇಳಬೇಕು? ಆ ಕೂಗು ಕೇಳಿಸಬೇಕಾದವರು ಹೊರಗಿನ ನಾವು.

ಕಾಸರಗೋಡು ಕಲಿಸುವ ಪಾಠ

ಮೇಷ್ಟ್ರ ಹೋರಾಟ ಬೇರೆ, ಭಾಷೆಯ ಹೋರಾಟ ಬೇರೆ ಎನ್ನುವವರು ಒಮ್ಮೆ ಗಡಿ ದಾಟಿ ನೋಡಲಿ. 1956ರ ನವೆಂಬರ್ 1ರಂದು ಕೇರಳದ ಪಾಲಾದ ಕಾಸರಗೋಡಿನಲ್ಲಿ ಕನ್ನಡ ಮಾಧ್ಯಮದ ಶಾಲೆಗಳು ಇನ್ನೂ ಇವೆ. ಅವನ್ನು ಮುಚ್ಚಲು ಯಾರೂ ಸುತ್ತೋಲೆ ಹೊರಡಿಸಬೇಕಾಗಿಲ್ಲ. ಕನ್ನಡ ಬಾರದ ಮಲಯಾಳಿ ಮೇಷ್ಟ್ರನ್ನು ಕನ್ನಡ ಮಕ್ಕಳ ಮುಂದೆ ನಿಲ್ಲಿಸಿದರೆ ಸಾಕು. ಗಣಿತದ ಮೇಷ್ಟ್ರು ಮಲಯಾಳದಲ್ಲಿ ಲೆಕ್ಕ ಹೇಳುತ್ತಾರೆ, ಮಕ್ಕಳು ಕಣ್ಣು ಬಿಡುತ್ತಾರೆ. ಇದು ಮತ್ತೆ ಮತ್ತೆ ನಡೆದಿದೆ. ಪ್ರತಿ ಸಲವೂ ಮಕ್ಕಳು ತರಗತಿ ಬಿಟ್ಟು ಹೊರಗೆ ಬಂದು ಕೂತಿದ್ದಾರೆ, ಹೆತ್ತವರು ಬಂದಿದ್ದಾರೆ, ಅಲ್ಲಿನ ಕನ್ನಡ ಮಾಧ್ಯಮ ಅಧ್ಯಾಪಕರ ಸಂಘ ಬೆನ್ನಿಗೆ ನಿಂತಿದೆ. 2018ರಲ್ಲಿ ರಿಷಬ್ ಶೆಟ್ಟಿ ತೆಗೆದ ಕಾಸರಗೋಡಿನ ಶಾಲೆಯ ಸಿನಿಮಾಕ್ಕೆ ನೀವೆಲ್ಲ ಶಿಳ್ಳೆ ಹೊಡೆದಿರಲ್ಲ, ಅದರ ಕಥೆ ಇದೇ.

ಕಾಸರಗೋಡಿನ ಕನ್ನಡಕ್ಕೆ ಜೀವ ತೇಯ್ದ ಕಯ್ಯಾರ ಕಿಞ್ಞಣ್ಣ ರೈಗಳು ಏನಾಗಿದ್ದರು? ಮೇಷ್ಟ್ರು. ಅಲ್ಲಿನವರಿಗೆ ಮೇಷ್ಟ್ರ ನೇಮಕಾತಿಯೇ ಭಾಷೆಯ ಪ್ರಶ್ನೆ. ಅಲ್ಲಿ ತಪ್ಪು ಮೇಷ್ಟ್ರನ್ನು ಹಾಕಿ ಕನ್ನಡ ಶಾಲೆ ಕೊಲ್ಲುತ್ತಾರೆ ಎಂದು ಸಿಟ್ಟಾಗುವ ನಾವು, ಇಲ್ಲಿ ಮೇಷ್ಟ್ರನ್ನೇ ಹಾಕದೆ ನಮ್ಮದೇ ಸರ್ಕಾರ ಕೊಲ್ಲುವಾಗ ಸುಮ್ಮನಿರುವುದು ಯಾವ ಅಭಿಮಾನ?

ಬೋರ್ಡು ಬದಲಾಯಿತು, ಓದುವವರು?

ಬೋರ್ಡಿನಲ್ಲಿ ಶೇಕಡಾ 60 ಕನ್ನಡ ಇರಬೇಕೆಂದು 2023ರ ಡಿಸೆಂಬರಿನಲ್ಲಿ ನಮ್ಮ ಹುಡುಗರು ಬೆಂಗಳೂರಿನಲ್ಲಿ ಬೀದಿಗಿಳಿದರು, ಜೈಲಿಗೂ ಹೋದರು. 2024ರಲ್ಲಿ ಕಾನೂನು ತಿದ್ದುಪಡಿಯಾಯಿತು. ಅದು ಗೆಲುವು, ಸಂಶಯವಿಲ್ಲ. ಆದರೆ ಆ 60ರಷ್ಟು ಕನ್ನಡವನ್ನು ಇನ್ನು ಇಪ್ಪತ್ತು ವರ್ಷಕ್ಕೆ ಓದುವವರು ಯಾರು? ಬೇರಿಗೆ ನೀರಿಲ್ಲದ ಮರದ ಎಲೆಗೆ ಬಣ್ಣ ಬಳಿದಂತಾಗಬಾರದು.

ಬೆಂಗಳೂರಿನ ಯಾವುದೇ ಸರ್ಕಾರಿ ಶಾಲೆಗೆ ಹೋಗಿ ನೋಡಿ. ಬಿಹಾರ, ಒಡಿಶಾ, ಬಂಗಾಳದಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳು ನೆಲದ ಮೇಲೆ ಕೂತು ಕನ್ನಡ ಓದುತ್ತಿರುತ್ತವೆ. ಹೊರಗಿನವರು ಕನ್ನಡ ಕಲಿಯಲಿ ಎಂದು ನಾವು ಮೈಕಿನಲ್ಲಿ ಕೂಗುತ್ತೇವೆ. ಕಲಿಸುತ್ತಿರುವವಳು 12,000 ರೂಪಾಯಿಯ ಟೀಚರಮ್ಮ. ಕನ್ನಡ ಸೈನ್ಯದ ನಿಜವಾದ ಕಾಲಾಳು ಅವಳು. ಅವಳ ಹೆಸರು ನಮ್ಮ ಯಾವ ರಾಜ್ಯೋತ್ಸವದ ಫ್ಲೆಕ್ಸಿನಲ್ಲಿದೆ?

ಕೋರ್ಟು ಅಡ್ಡ ಬಂತು, ಏನು ಮಾಡುವುದು ಎನ್ನುವವರಿದ್ದಾರೆ. 1994ರ ಭಾಷಾ ಮಾಧ್ಯಮದ ಆದೇಶಕ್ಕೆ ಇಪ್ಪತ್ತು ವರ್ಷ ಬಡಿದಾಡಿದೆವು. 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠದಲ್ಲಿ ಸೋತೆವು. ಮಾತೃಭಾಷೆಯಲ್ಲೇ ಕಲಿಸಿ ಎಂದು ಶಾಲೆಗಳನ್ನು ಬಲವಂತ ಮಾಡುವಂತಿಲ್ಲ ಎಂದಿತು ಕೋರ್ಟು. ಸರಿ. ಆದರೆ ಸರ್ಕಾರಿ ಕನ್ನಡ ಶಾಲೆಗೆ ಮೇಷ್ಟ್ರನ್ನು ಹಾಕಬೇಡಿ ಎಂದು ಯಾವ ಕೋರ್ಟು ಹೇಳಿದೆ? ಬದಲಿಗೆ ಹಾಕಲೇಬೇಕು ಎನ್ನುವ ಕಾನೂನು ಕೈಯಲ್ಲಿದೆ. ಅದೇ ಕಾಯ್ದೆಯ 29ನೇ ಕಲಂ, ಸಾಧ್ಯವಾದಷ್ಟು ಮಟ್ಟಿಗೆ ಮಗುವಿನ ಮಾತೃಭಾಷೆಯಲ್ಲೇ ಕಲಿಸಿ ಎನ್ನುತ್ತದೆ. 2019-20ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ತೆರೆಯಲು ಉತ್ಸಾಹ ಬಂದ ಸರ್ಕಾರಕ್ಕೆ ಕನ್ನಡ ತರಗತಿಯ ಕುರ್ಚಿ ತುಂಬಲು ಯಾಕೆ ಆಲಸ್ಯ?

ಈಗ ಮಾಡಬೇಕಾದ್ದು

ಕಲ್ಲು ಎತ್ತಬೇಡಿ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರು ತನ್ನಿ.

ನಿಮ್ಮ ವಾರ್ಡಿನ ಸರ್ಕಾರಿ ಶಾಲೆ ಯಾವುದು ಎಂದು ಮೊದಲು ಗುರುತಿಸಿ. ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಯ ಮಾಹಿತಿ ಅಧಿಕಾರಿಗೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಕನ್ನಡದಲ್ಲಿ ಅರ್ಜಿ ಬರೆಯಿರಿ. ಒಂದೇ ವಿಷಯ, 150 ಪದ ಮೀರದಂತೆ. ನಾಲ್ಕೇ ಪ್ರಶ್ನೆ: ಈ ಶಾಲೆಗೆ ಮಂಜೂರಾದ ಶಿಕ್ಷಕರ ಹುದ್ದೆ ಎಷ್ಟು? ಖಾಯಂ ಆಗಿ ಕೆಲಸ ಮಾಡುತ್ತಿರುವವರು ಎಷ್ಟು? ನಿಯೋಜನೆ ಮೇಲೆ ಬೇರೆಡೆ ಹೋದವರು ಎಷ್ಟು? ಅತಿಥಿ ಶಿಕ್ಷಕರು ಎಷ್ಟು? ಮೂವತ್ತು ದಿನದಲ್ಲಿ ಉತ್ತರ ಕೊಡಬೇಕು. ಕೊಡದಿದ್ದರೆ ಮೇಲ್ಮನವಿ ಹಾಕಿ.

ಉತ್ತರ ಬಂದ ದಿನ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ತಾಯಂದಿರನ್ನು, ಆ ಶಾಲೆಯ ಮೇಷ್ಟ್ರನ್ನು, ತಾಲ್ಲೂಕಿನ ಶಿಕ್ಷಕರ ಸಂಘದವರನ್ನು ಒಟ್ಟಿಗೆ ಕೂರಿಸಿ. ಲೆಕ್ಕವನ್ನು ದೊಡ್ಡ ಅಕ್ಷರದಲ್ಲಿ ಬರೆದು ಶಾಲೆಯ ಗೇಟಿಗೆ ಕಟ್ಟಿ: ಮಂಜೂರಾತಿ ಇಷ್ಟು, ಖಾಲಿ ಇಷ್ಟು, 26ನೇ ಕಲಂ ಪ್ರಕಾರ ಇರಬಹುದಾದ ಖಾಲಿ ಇಷ್ಟು. ಆ ಬೋರ್ಡು ನೂರಕ್ಕೆ ನೂರು ಕನ್ನಡದಲ್ಲಿರಲಿ! ಶಾಸಕರು ಆ ದಾರಿಯಲ್ಲಿ ಬಂದಾಗ ಓದಲಿ.

ಒಂದು ಶಾಲೆ, ಒಂದು ಕಾಗದ. ಹೀಗೆ ಒಂದೊಂದು ವಾರ್ಡಿನ ಹುಡುಗರು ಒಂದೊಂದು ಶಾಲೆ ಹಿಡಿದರೆ, ಖಾಲಿ ಹುದ್ದೆಗಳ ಪೂರ್ತಿ ಪಟ್ಟಿ ಸರ್ಕಾರದ ಬಾಯಿಂದಲೇ ಹೊರಬೀಳುತ್ತದೆ. ಆ ಪಟ್ಟಿ ಹಿಡಿದು ಹೈಕೋರ್ಟಿಗೆ ಹೋಗುವ ವಕೀಲರು ನಮ್ಮಲ್ಲೇ ಇದ್ದಾರೆ. ಮೇಷ್ಟ್ರಿಗೆ ಎರಡು ವರ್ಷದ ಗಡುವು ಕೊಟ್ಟರಲ್ಲ, ಸರ್ಕಾರಕ್ಕೂ ಒಂದು ಗಡುವು ಬೀಳಲಿ.

ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿ ಉಪಯೋಗವಿಲ್ಲ. ನಿಮ್ಮ ವಾರ್ಡಿನ ಶಾಲೆಯ ಬಾಗಿಲು ಇವತ್ತು ಇನ್ನೂ ತೆರೆದಿದೆ. ಒಳಗೆ ಹೋಗಿ, ಕುರ್ಚಿ ಎಣಿಸಿ.